ಬಲಕ್ಕೆ ಬಿದ್ದ ಗೊಂಬೆ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಅರಿಶಿನದ ಮಂಡಿ ಇಟ್ಟಿದ್ದ ಮರಿಮಲ್ಲಪ್ಪನಿಗೆ ವ್ಯಾಪಾರಕ್ಕಿಂತ ಬೋರ್ಡಿನ ಮೇಲೆ ಪ್ರೀತಿ ಹೆಚ್ಚು. ಅಂಗಡಿ ಅಂದಮೇಲೆ ಬೋರ್ಡಿರಬೇಕು, ಬೋರ್ಡು ಅಂದಮೇಲೆ ಅದರ ಕೆಳಗೆ ‘ನಮ್ಮ ಶಾಖೆಗಳು’ ಅಂತ ಒಂದು ಸಾಲಿರಬೇಕು ಎನ್ನುವುದು ಅವನ ಗಟ್ಟಿ ನಂಬಿಕೆ. ಶಾಖೆ ನಿಜವಾಗಿ ಇದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಮಂಡಿಯ ಬೋರ್ಡಿನಲ್ಲೂ ಅವನು ಈರೋಡು, ಸಾಂಗ್ಲಿ ಎಂದು ಬರೆಸಿದ್ದ. ಆ ಊರುಗಳನ್ನು ಅವನು ಕಂಡದ್ದು ಲಾರಿಗಳ ಹಿಂದೆ ಬರೆದ ಅಕ್ಷರಗಳಲ್ಲಿ ಮಾತ್ರ.

ಇಂಥ ಮನುಷ್ಯ ಮಗಳು ರೂಪಶ್ರೀಯ ಕನ್ನಡಕ ಬದಲಾಯಿಸಲೆಂದು ಮೈಸೂರಿಗೆ ಹೋದವನು ಮಾಲಿನ ಮೂರನೇ ಮಹಡಿಯಲ್ಲಿ ದಾರಿ ತಪ್ಪಿ, ಯಾವುದೋ ಬಾಗಿಲು ತಳ್ಳಿ ಒಳಗೆ ಕಾಲಿಟ್ಟ. ಒಳಗೆ ಕತ್ತಲು. ಕತ್ತಲಲ್ಲಿ ಆಳೆತ್ತರದ ಪೆಟ್ಟಿಗೆಗಳು ಸಾಲಾಗಿ ನಿಂತು ಕೆಂಪು, ಹಸಿರು, ನೀಲಿ ಬೆಳಕು ಚೆಲ್ಲುತ್ತಿದ್ದವು. ಒಂದರಲ್ಲಿ ಕಾರು ಓಡುತ್ತಿತ್ತು, ಒಂದರಲ್ಲಿ ಸತ್ತವರು ಎದ್ದು ಬರುತ್ತಿದ್ದರು, ಇನ್ನೊಂದರಲ್ಲಿ ಯಾರೂ ಮುಟ್ಟದೆ ಡೋಲು ಬಡಿಯುತ್ತಿತ್ತು. ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಗೊಂಬೆಗಳ ರಾಶಿ, ಆ ರಾಶಿಯ ಮೇಲೆ ಮೂರು ಬೆರಳಿನ ಒಂದು ಉಕ್ಕಿನ ಕೈ ತೂಗುತ್ತಿತ್ತು. ಕಾಸು ಹಾಕಿ ಗುಂಡಿ ಒತ್ತಿದರೆ ಆ ಕೈ ಕೆಳಗಿಳಿದು ಗೊಂಬೆ ಎತ್ತುತ್ತದೆ. ಮರಿಮಲ್ಲಪ್ಪ ಹಿಂದಕ್ಕೆ ಬಂದು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಮತ್ತೆ ಒಳಗೆ ಹೋದ. ಯಾಕೆ ಬಿಟ್ಟೆ ಅಂತ ಅವನಿಗೇ ಗೊತ್ತಾಗಲಿಲ್ಲ.

“ಒಂದು ಕಾಲದಲ್ಲಿ ದೇಶದ ದೊಡ್ಡ ಊರುಗಳಲ್ಲೆಲ್ಲ ನಮ್ಮ ಶಾಖೆ ಇತ್ತು” ಎಂದ ಅಲ್ಲಿನ ಮ್ಯಾನೇಜರು. “ಹುಡುಗರೆಲ್ಲ ಮೊಬೈಲ್ ಹಿಡಿದು ಮನೇಲಿ ಕೂತುಬಿಟ್ಟರು. ಒಂದೊಂದೇ ಬಾಗಿಲು ಹಾಕ್ತಾ ಬಂದ್ವಿ. ಇದೇ ಕೊನೇದು. ಮಷೀನೆಲ್ಲ ಮಾರ್ತಾ ಇದ್ದೀವಿ.”

ಇಷ್ಟುದ್ದದ ದುಃಖದಲ್ಲಿ ಮರಿಮಲ್ಲಪ್ಪನ ಕಿವಿಗೆ ಬಿದ್ದದ್ದು ‘ಶಾಖೆ’ ಎಂಬ ಒಂದೇ ಪದ. ಒಂದು ಸಾಮ್ರಾಜ್ಯ ಮುಳುಗುತ್ತಿದೆ ಎಂಬುದು ಅವನಿಗೆ ಹೊಳೆಯಲಿಲ್ಲ, ಅದು ಅಗ್ಗಕ್ಕೆ ಸಿಗುತ್ತಿದೆ ಎಂಬುದು ಹೊಳೆಯಿತು. ಲಾರಿಗೆ ಏರಿಸುವಾಗ ಮ್ಯಾನೇಜರು ಒಂದು ಗುಟ್ಟು ಹೇಳಿಕೊಟ್ಟ. ಗೊಂಬೆ ಪೆಟ್ಟಿಗೆಯ ಕೈಗೆ ಎಷ್ಟು ಹಿಡಿತ ಕೊಡಬೇಕೆಂಬುದು ಯಜಮಾನನಿಗೆ ಬಿಟ್ಟದ್ದು. ಬಿಗಿ ಮಾಡಿದರೆ ಗೊಂಬೆ ಹೋಗುತ್ತದೆ, ಸಡಿಲ ಮಾಡಿದರೆ ಉಳಿಯುತ್ತದೆ. ಮರಿಮಲ್ಲಪ್ಪ ಊರಿಗೆ ಬಂದು ಪೆಟ್ಟಿಗೆಯ ಹಿಂಬದಿ ತಡಕಾಡಿ, ರೇಡಿಯೊಗೆ ಇರುವಂಥ ಒಂದು ಕಪ್ಪು ತಿರುಪನ್ನು ಕಂಡುಹಿಡಿದು, ಇದೇ ಅದು ಎಂದು ತೀರ್ಮಾನಿಸಿ ಪೂರ್ತಿ ಎಡಕ್ಕೆ ತಿರುಗಿಸಿಟ್ಟ.

ಗೋದಾಮಿನ ಅರಿಶಿನದ ಮೂಟೆಗಳು ಹಿಂದಕ್ಕೆ ಸರಿದವು. ಮೊದಲೇ ಮುಚ್ಚಿದ ಶಾಖೆಗಳಿಂದ ಬಂದವೂ ಸೇರಿ ಗೊಂಬೆ ಪೆಟ್ಟಿಗೆಗಳು ನಾಲ್ಕಿದ್ದವು. ಒಂದನ್ನು ನಡುವೆ ನಿಲ್ಲಿಸಿ ಉಳಿದವನ್ನು ಮೂಟೆಗಳ ಹಿಂದೆ ಇಟ್ಟದ್ದಾಯಿತು. ಬಾಗಿಲ ಮೇಲೆ ಬೋರ್ಡು ಏರಿತು: ಶ್ರೀ ಮಲ್ಲೇಶ್ವರ ವಿಡಿಯೊ ಗೇಮ್ಸ್. ನಮ್ಮ ಶಾಖೆಗಳು: ಚಾಮರಾಜನಗರ, ಹಂಗಳ, ಭೀಮನಬೀಡು.

ಅವನ ಹೆಂಡತಿ ಚಿಕ್ಕಮಲ್ಲಮ್ಮ ಬೋರ್ಡನ್ನು ಎರಡು ಸಲ ಓದಿದಳು. “ಭೀಮನಬೀಡಲ್ಲಿ ಯಾರ ಜಗಲಿ ಮೇಲ ಮಡಗಿದ್ದರಿ ಶಾಖೆಯ?”

“ಮುಂದಕ್ಕ ಆಯ್ತದ ಬುಡು. ದಿನಾ ಬೋರ್ಡು ಬರೆಸಕಾಯ್ತದ?” ಎಂದ ಮರಿಮಲ್ಲಪ್ಪ.

ಶ್ರಾವಣದ ಒಂದು ಸೋಮವಾರ ಪೂಜೆ. ಅಯ್ನೋರು ಒಂದು ಪೆಟ್ಟಿಗೆಯನ್ನೂ ಬಿಡದೆ ಎಲ್ಲದರ ಗಾಜಿಗೂ ಮೂರೆಳೆ ವಿಭೂತಿ ಬಳಿದರು, ಚೆಂಡುಹೂವಿನ ಹಾರ ಹಾಕಿದರು. ವಿಭೂತಿಯ ಹಿಂದಿನಿಂದ ಸತ್ತವರು ಭಕ್ತಿಯಿಂದ ಎದ್ದು ಬರುತ್ತಿದ್ದರು. ಮೊದಲ ಕಾಸು ಹಾಕುವ ಗೌರವ ಮರಿಮಲ್ಲಪ್ಪನ ತಾಯಿ ದೊಡ್ಡಮಲ್ಲಮ್ಮನದು. ಅವಳನ್ನು ಗೊಂಬೆ ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಹಿಡಿಕೆಯನ್ನು ಕೈಗೆ ಕೊಟ್ಟರು.

ಹೂ ಪ್ರಸಾದ ಕೇಳುವ ಪದ್ಧತಿ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ದೇವರ ಎರಡೂ ಬದಿಗೆ ಹೂವು ಅಂಟಿಸಿ ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕಾಯುತ್ತಾರೆ. ಬಲಗಡೆಯ ಹೂ ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಆಗುವುದಿಲ್ಲ. ಹೊಲ ಕೊಳ್ಳುವುದರಿಂದ ಹೆಣ್ಣು ಕೊಡುವವರೆಗೆ ಎಲ್ಲವೂ ಆ ಹೂವಿನ ಮೇಲೆ ನಿಂತಿರುತ್ತದೆ. ಇಲ್ಲಿ ಎದುರಿಗೆ ಹೂವಿನ ಹಾರ, ವಿಭೂತಿ, ಮಂಗಳಾರತಿಯ ಹೊಗೆ. ದೊಡ್ಡಮಲ್ಲಮ್ಮ ಸಹಜವಾಗಿಯೇ ಕಣ್ಣು ಮುಚ್ಚಿ ತನ್ನ ಮನಸ್ಸಿನಲ್ಲಿದ್ದುದನ್ನು ಕೇಳಿಕೊಂಡಳು. ಭೀಮನಬೀಡಿನ ಅವಳ ತಮ್ಮ ಶಾಂತಮಲ್ಲಪ್ಪ, ಯಾವುದೋ ಮದುವೆಯಲ್ಲಿ ಎರಡನೇ ಸಲ ಒಬ್ಬಟ್ಟು ಬಡಿಸಲಿಲ್ಲ ಎಂದು ಮಾತು ಬಿಟ್ಟು ವರ್ಷಗಳಾಗಿದ್ದವು. ಅವನು ಮತ್ತೆ ಅಕ್ಕ ಅನ್ನುತ್ತಾನೋ ಇಲ್ಲವೋ ಎಂಬುದೇ ಅವಳ ಪ್ರಶ್ನೆ.

ಉಕ್ಕಿನ ಕೈ ನಡುಗುತ್ತಾ ಇಳಿಯಿತು, ಒಂದು ನೀಲಿ ಆನೆಮರಿಯ ಸೊಂಡಿಲು ಹಿಡಿಯಿತು, ಮೇಲಕ್ಕೆತ್ತಿ ಬಲಗಡೆಯ ಬಾಯಿಗೆ ಹಾಕಿತು. “ಬಲಕ್ಕ ಕೊಟ್ಟ ಕಣ್ಲಾ ನಮ್ಮಪ್ಪ” ಎಂದು ದೊಡ್ಡಮಲ್ಲಮ್ಮ ಆನೆಮರಿಯನ್ನು ಕಣ್ಣಿಗೊತ್ತಿಕೊಂಡಳು. ಆ ಪೆಟ್ಟಿಗೆಗೆ ಗೊಂಬೆ ಬೀಳುವ ಬಾಯಿ ಇದ್ದದ್ದೇ ಬಲಗಡೆಗೆ. ಎಡಕ್ಕೆ ಬೀಳುತ್ತೇನೆಂದು ಹಟ ಮಾಡುವ ಗೊಂಬೆಗೂ ಅಲ್ಲಿ ದಾರಿಯಿರಲಿಲ್ಲ. ಆದರೆ ಇದನ್ನು ಯೋಚಿಸುವಷ್ಟು ಹೊತ್ತು ಯಾರಿಗೂ ಸಿಗಲಿಲ್ಲ, ಏಕೆಂದರೆ ಆನೆಮರಿ ಇನ್ನೂ ಅವಳ ಕೈಯಲ್ಲಿರುವಾಗಲೇ ಬಾಗಿಲಲ್ಲಿ ಬೈಕು ನಿಂತಿತು.

“ಯಾವನ್ಲಾ ನಮ್ಮೂರಲ್ಲಿ ನನಗ ಗೊತ್ತಿಲ್ದೆ ಶಾಖೆ ತಗದಿರವನು?” ಎಂದು ಗುಡುಗುತ್ತಾ ಶಾಂತಮಲ್ಲಪ್ಪ ಒಳಗೆ ಬಂದ. ಬೋರ್ಡಿನ ಸುದ್ದಿ ಬಸ್ಸಿನವರ ಬಾಯಲ್ಲಿ ಭೀಮನಬೀಡು ತಲುಪಿತ್ತು. ಜಗಳಕ್ಕೆ ಬಂದವನು ಎದುರಿಗೆ ನೀಲಿ ಆನೆ ಹಿಡಿದು ಕಣ್ಣೀರು ಸುರಿಸುತ್ತಿದ್ದ ಅಕ್ಕನನ್ನು ನೋಡಿ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ.

“ಬಂದ್ಯಾ ತಮ್ಮ?” ಎಂದಳು ದೊಡ್ಡಮಲ್ಲಮ್ಮ.

“ಬಂದೆ ಕಣಕ್ಕ.”

ಅಯ್ನೋರು ಇನ್ನೊಂದು ಕಾಯಿ ಒಡೆದರು. ಸಾಯಂಕಾಲದ ಬಸ್ಸು ಹಂಗಳ ಮುಟ್ಟುವಷ್ಟರಲ್ಲಿ ಉಕ್ಕಿನ ಕೈ ಗಾಜಿನಿಂದ ಹೊರಗೆ ಬಂದು ಶಾಂತಮಲ್ಲಪ್ಪನನ್ನು ಹೆಸರು ಹಿಡಿದು ಕರೆಯಿತು ಎಂದು ಸುದ್ದಿಯಾಗಿತ್ತು.

ಮರುದಿನದಿಂದ ಜನ ಆಡಲು ಬರಲಿಲ್ಲ, ಕೇಳಲು ಬಂದರು. ಮಿಂದು ಮಡಿಯುಟ್ಟು, ಬಾಳೆಹಣ್ಣು ಹಿಡಿದು ಬಂದರು. ಕಾರಿನ ಆಟದ ಸೀಟುಗಳಲ್ಲಿ ಮುದುಕರು ಸ್ಟೇರಿಂಗು ಹಿಡಿದು ಸರದಿ ಕಾಯುತ್ತಾ ಕೂತರು. ಪಕ್ಕದ ಟೀ ಅಂಗಡಿಯ ಶಿವಮಲ್ಲು ಒಲೆ ಆರಿಸಿ ಬಂದು ಸಾಲು ನಿಲ್ಲಿಸುವ ಕೆಲಸಕ್ಕೆ ನಿಂತ. “ತಳ್ಳಬ್ಯಾಡಿ, ಅದು ಎಲ್ಲಿಗೂ ಓಗಲ್ಲ” ಎಂದು ಅವನು ಹೇಳುವ ಧಾಟಿಗೆ ಜನ ಅವನಿಗೂ ಕೈ ಮುಗಿಯತೊಡಗಿದರು. ಊಟಿಗೆ ಹೊರಟಿದ್ದ ಕೇರಳದ ಸಂಸಾರವೊಂದು ಹಾರ ನೋಡಿ ಕಾರು ನಿಲ್ಲಿಸಿ, ಪ್ರದಕ್ಷಿಣೆ ಹಾಕಿ ಹೋಯಿತು.

ಆಶ್ಚರ್ಯವೆಂದರೆ ಮರಿಮಲ್ಲಪ್ಪನ ಬೋರ್ಡು ನಿಜವಾಗತೊಡಗಿತು. ಶಾಂತಮಲ್ಲಪ್ಪ ತನ್ನ ರೇಷ್ಮೆ ಹುಳುಮನೆಯನ್ನು ತೊಳೆಸಿ ಭೀಮನಬೀಡಿನ ಶಾಖೆ ತೆರೆದ. ಹಂಗಳದ ಶಾಖೆಯಲ್ಲಿ ಕಾಡಂಚಿನ ರೈತರು ಇವತ್ತು ಹೊಲದ ಕಾವಲು ಬಿಟ್ಟು ಮನೆಯಲ್ಲಿ ಮಲಗಬಹುದೇ ಎಂದು ಕೇಳಿದರು. ಚಾಮರಾಜನಗರದ ಶಾಖೆ ಕಚೇರಿಗಳ ಸಮೀಪವಿದ್ದುದರಿಂದ ಅಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ವರ್ಗಾವಣೆಯದು. ಮರಿಮಲ್ಲಪ್ಪ ದಿನಕ್ಕೊಮ್ಮೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ತನ್ನ ಬೋರ್ಡನ್ನು ತಾನೇ ಓದಿ ಬೆರಗಾಗುತ್ತಿದ್ದ. ಸುಳ್ಳು ಬರೆಸಿದ ಸಾಲು ಕಣ್ಣೆದುರೇ ಸತ್ಯವಾಗುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕಿದೆ.

ಆದರೆ ಇಡೀ ಜಿಲ್ಲೆಯಲ್ಲಿ ಆ ಪೆಟ್ಟಿಗೆಯನ್ನು ನಂಬದವನು ಅವನೊಬ್ಬನೇ. ಹಿಂಬದಿಯ ತಿರುಪು ಪೂರ್ತಿ ಎಡಕ್ಕಿದೆ, ಅಪ್ಪಿತಪ್ಪಿ ಒಂದು ಗೊಂಬೆ ಬೀಳುತ್ತದೆ ಅಷ್ಟೆ ಎಂಬುದು ಅವನಿಗೆ ಗೊತ್ತಿತ್ತು. ಜನ ಕೈ ಮುಗಿದಾಗಲೆಲ್ಲ ಅವನು ಸೀಲಿಂಗ್ ಫ್ಯಾನು ನೋಡುತ್ತಿದ್ದ.

ಒಂದು ದಿನ ಸಬ್ ಇನ್ಸ್‌ಪೆಕ್ಟರು ಬಂದರು. ಅವರ ಹಿಂದೆಯೇ ದೇವಸ್ಥಾನಗಳ ಲೆಕ್ಕ ನೋಡುವ ಇಲಾಖೆಯ ಸಾಹೇಬರೂ ಬಂದರು.

“ಇದು ಜೂಜೋ, ಆಟವೋ?” ಎಂದರು ಇನ್ಸ್‌ಪೆಕ್ಟರು. “ಆಟ ಆದ್ರೆ ಚಾಲಾಕಿ ಇರಬೇಕು. ಚಾಲಾಕಿ ಏನಿದೆ ತೋರಿಸಿ.”

“ಚಾಲಾಕಿ ಏನೂ ಇಲ್ಲ ಸಾ. ಎಲ್ಲ ಅವನಿಚ್ಛೆ” ಎಂದ ಶಿವಮಲ್ಲು ಮೇಲೆ ಕೈ ತೋರಿಸಿ.

“ಹಾಗಾದ್ರೆ ಜೂಜು.”

“ಅವನಿಚ್ಛೆ ಅಂದ್ರೆ ದೇವಸ್ಥಾನ” ಎಂದರು ಇಲಾಖೆಯವರು. “ದೇವಸ್ಥಾನ ಆದ್ರೆ ನಮಗೆ ಬರಬೇಕು.”

ಆಟವೆಂದರೆ ಚಾಲಾಕಿ ತೋರಿಸಬೇಕು, ಜೂಜೆಂದರೆ ಜೈಲು, ದೇವಸ್ಥಾನವೆಂದರೆ ಸರ್ಕಾರ. ಮರಿಮಲ್ಲಪ್ಪ ಮೂರರ ನಡುವೆ ನಿಂತು ಬೆವರಿದ. “ಮಂಡಿ ಸಾ” ಎಂದುಬಿಟ್ಟ ಕೊನೆಗೆ. “ಅರಿಶಿನದ ಮಂಡಿ. ಇವೆಲ್ಲ ಹಂಗೇ ಬಂದು ನಿಂತಿರವು.”

ಇಬ್ಬರೂ ಅಧಿಕಾರಿಗಳು ಬಹಳ ಹೊತ್ತು ಪೆಟ್ಟಿಗೆಯನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖ ಮೆತ್ತಗಾಯಿತು. ಇನ್ಸ್‌ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. “ಮೈಸೂರಿಗೆ ವರ್ಗ ಕೇಳಿ ಒಂದು ಅರ್ಜಿ ಹಾಕಿದ್ದೆ. ಹೆಂಗೆ ಕೇಳಬೇಕು ಇದನ್ನ?” ಎಂದರು ತಗ್ಗಿದ ದನಿಯಲ್ಲಿ. ಆ ದಿನ ಅವರಿಗೆ ಗೊಂಬೆ ಬೀಳಲಿಲ್ಲ. ಮತ್ತೆ ಬರುತ್ತೇನೆಂದು ಹೇಳಿ ಹೋದರು.

ಬೀಳದಿರುವುದೇ ಹೆಚ್ಚಾಗಿತ್ತು. ಗೊಂಬೆ ಬೀಳಲಿಲ್ಲವೆಂದರೆ ದೇವರು ಒಲ್ಲೆ ಅಂದಹಾಗೆ. ಹಾಗಾಗಿ ಬೋರ್‌ವೆಲ್ ಲಾರಿಗಳು ಕೆಲಸವಿಲ್ಲದೆ ನಿಂತವು, ಕಲ್ಯಾಣ ಮಂಟಪದ ಬಾಗಿಲಲ್ಲಿ ಜೇಡ ಬಲೆ ಕಟ್ಟಿತು. ಹೊಸ ಮನೆಗೆ ಪಾಯ ತೆಗೆದವರು ಪಾಯದಲ್ಲಿ ಮೂಲಂಗಿ ಹಾಕಿದರು. ಇಡೀ ತಾಲ್ಲೂಕು ಕೈಕಟ್ಟಿ ಕೂತದ್ದನ್ನು ಕಂಡು ಮರಿಮಲ್ಲಪ್ಪನಿಗೆ ಮೊದಲ ಸಲ ಭಯವಾಯಿತು.

ಆ ಭಯ ಮನೆಗೇ ಬಂತು. ಚಾಮರಾಜನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಸೋಮಶೇಖರ್ ಎಂಬ ಹುಡುಗನ ಕಡೆಯಿಂದ ರೂಪಶ್ರೀಗೆ ಸಂಬಂಧ ಬಂತು. ಹುಡುಗ ಸಾಧು. ರೂಪಶ್ರೀಗೆ ಅವನು ಎಷ್ಟು ಹಿಡಿಸಿದ್ದನೆಂದರೆ ಅವನು ಬಂದುಹೋದ ದಿನ ಉಪ್ಪು ಹಾಕದೆ ಸಾರು ಮಾಡಿ, ತಾನೇ ಚೆನ್ನಾಗಿದೆ ಅಂದಿದ್ದಳು. ದೊಡ್ಡಮಲ್ಲಮ್ಮನಿಗೂ ಒಪ್ಪಿಗೆಯೇ. ಆದರೂ ಸೋಮವಾರ ಪ್ರಸಾದ ಕೇಳದೆ ಮಾತು ಕೊಡುವಂತಿರಲಿಲ್ಲ. ಸೋಮವಾರ ಕೇಳಿದಳು. ಕೈ ಇಳಿಯಿತು, ಒಂದು ಕರಡಿಯ ಕಿವಿ ಸವರಿತು, ಬರಿಗೈಯಲ್ಲಿ ಮೇಲೆ ಹೋಯಿತು.

“ಇನ್ನೊಂದು ಸೋಮವಾರ ಕೇಳ್ತೀನಿ. ಕೊಡದೇ ಓದ್ರ ಈ ಸಂಬಂಧ ಬ್ಯಾಡ” ಎಂದಳು ದೊಡ್ಡಮಲ್ಲಮ್ಮ.

ರೂಪಶ್ರೀ ಗೋದಾಮಿಗೇ ಬಂದು ಅಪ್ಪನ ಎದುರು ನಿಂತಳು. ಅತ್ತು ಕಣ್ಣು ಕೆಂಪಾಗಿತ್ತು. “ಅಪ್ಪ, ಅದು ಮಷೀನು ಕಣಪ್ಪ. ನನ್ನ ಕನ್ನಡಕ ತರಕ ಓದಾಗ ನೀನೇ ತಂದಿದ್ದು. ಅಜ್ಜಿಗ ಹೇಳು.”

ಹೇಳಬೇಕಾದದ್ದು ಒಂದೇ ವಾಕ್ಯ. ಆ ಒಂದು ವಾಕ್ಯ ಹೇಳಿದರೆ ಶಾಖೆಗಳೆಲ್ಲ ಮುಚ್ಚುತ್ತವೆ, ಸೋದರಮಾವ ಶಾಂತಮಲ್ಲಪ್ಪ ಮತ್ತೆ ಮಾತು ಬಿಡುತ್ತಾನೆ, ಕೈ ಮುಗಿದ ಜನ ಅದೇ ಕೈಯಲ್ಲಿ ಏನು ಹಿಡಿದು ಬರುತ್ತಾರೋ ಹೇಳಲಾಗದು. ಹೇಳದಿದ್ದರೆ ಮಗಳ ಬಾಳು. “ಅಳಬ್ಯಾಡ ಕಣಮ್ಮಿ. ಸೋಮವಾರ ನೋಡನ” ಎಂದಷ್ಟೇ ಅಂದ ಮರಿಮಲ್ಲಪ್ಪ.

ಭಾನುವಾರ ಬಾಗಿಲು ಹಾಕಿಕೊಂಡು, ಧೂಳು ಹೊಡೆಯುವ ನೆಪದಲ್ಲಿ ಪೆಟ್ಟಿಗೆಯ ಹಿಂದೆ ನುಸುಳಿದ. ಕಪ್ಪು ತಿರುಪನ್ನು ಬಲಕ್ಕೆ, ಇನ್ನೂ ಬಲಕ್ಕೆ, ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿದ. ನಂಬದವನೂ ಒಂದು ಸಲ “ತಪ್ಪಾಯ್ತು ಕಣಪ್ಪ” ಅಂದುಕೊಂಡ.

ಸೋಮವಾರ ಉಕ್ಕಿನ ಕೈ ಇಳಿದು ಅದೇ ಕರಡಿಯ ನಡು ಹಿಡಿದು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ಬಲಕ್ಕೆ ಹಾಕಿತು. ರೂಪಶ್ರೀ ಅಜ್ಜಿಯನ್ನು ತಬ್ಬಿಕೊಂಡಳು. ಚಿಕ್ಕಮಲ್ಲಮ್ಮ ಸಕ್ಕರೆ ಹಂಚಿದಳು. ಮರಿಮಲ್ಲಪ್ಪ ಮಾತ್ರ ಕರಡಿಯ ಮುಖ ನೋಡಲಾರದೆ ಅದನ್ನು ಮೂಟೆಯ ಹಿಂದೆ ಇಟ್ಟ.

ಮದುವೆಯ ಓಡಾಟದಲ್ಲಿ ಅವನು ಒಂದು ಕೆಲಸ ಮರೆತ. ತಿರುಪನ್ನು ಮತ್ತೆ ಎಡಕ್ಕೆ ತಿರುಗಿಸಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಆ ಪೆಟ್ಟಿಗೆ ಕೇಳಿದವರಿಗೆಲ್ಲ ಕೊಟ್ಟಿತು. ಮೂಗ ಕೇಳಿದರೂ ಕೊಟ್ಟಿತು, ಸುಮ್ಮನೆ ಕಾಸು ಹಾಕಿದವನಿಗೂ ಕೊಟ್ಟಿತು. ಸುದ್ದಿ ಹಬ್ಬಿ ಶಾಖೆಗಳ ಜನವೆಲ್ಲ ಗುಂಡ್ಲುಪೇಟೆಗೆ ನುಗ್ಗಿದರು. ಬೋರ್‌ವೆಲ್ ಲಾರಿಗಳು ಸಾಲಲಿಲ್ಲ. ಗೊಂಬೆಗಳನ್ನು ಮೈಸೂರಿನಿಂದ ಮೂಟೆಯಲ್ಲಿ ತರಿಸಬೇಕಾಯಿತು. ಇಡೀ ಸೀಮೆಗೆ ದೇವರು ಹೂಂ ಅಂದಿದ್ದ, ಒಂದಿಷ್ಟು ದಿನ ಊರಿನಲ್ಲಿ ಹಬ್ಬಕ್ಕಿಂತ ದೊಡ್ಡ ಸಂಭ್ರಮ. ಮರಿಮಲ್ಲಪ್ಪನೂ ಆ ನಗುಮುಖಗಳನ್ನು ನೋಡುತ್ತಾ ತಿರುಪಿನ ಮೇಲೆ ಇಟ್ಟ ಕೈಯನ್ನು ಹಿಂದಕ್ಕೆ ತೆಗೆದದ್ದುಂಟು.

ಆಮೇಲೆ ಹೂಂಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಪಂಚಾಯ್ತಿ ಅಧ್ಯಕ್ಷಗಿರಿಗೆ ನಿಂತ ಇಬ್ಬರೂ ಒಂದೊಂದು ಮೊಲ ಹಿಡಿದು ಓಟು ಕೇಳಿದರು. ಒಂದೇ ಹೊಲಕ್ಕೆ ಬಡಿದಾಡುತ್ತಿದ್ದ ಅಣ್ಣತಮ್ಮಂದಿರು ಅದೇ ಹೊಲದ ಬದುವಿನ ಮೇಲೆ ಎದುರುಬದುರು ಗೊಂಬೆ ನಿಲ್ಲಿಸಿದರು. ಕಲ್ಯಾಣ ಮಂಟಪದ ಮುಂದೆ ಒಂದೇ ಮುಹೂರ್ತಕ್ಕೆ ಮೂರು ದಿಬ್ಬಣ ಬಂದವು. ಮೂವರ ಕೈಯಲ್ಲೂ ಕರಡಿ. ಇನ್ಸ್‌ಪೆಕ್ಟರಿಗೆ ಮೈಸೂರು ಸಿಗುತ್ತದೆಂದು ಗೊಂಬೆ ಬಿತ್ತು, ಆರ್ಡರು ಬೆಟ್ಟದಾಚೆಯ ಠಾಣೆಗೆ ಬಂತು. ಅವರು ಸೂಟ್‌ಕೇಸು ಹಿಡಿದೇ ಬಂದು, ಗೊಂಬೆಯನ್ನು ಪೆಟ್ಟಿಗೆಯ ಮುಂದೆ ಇಟ್ಟು, ಸೆಲ್ಯೂಟ್ ಹೊಡೆದು ಹೋದರು.

ಹಂಗಳದಲ್ಲಿ ಇನ್ನೂ ಘೋರ. ಅಲ್ಲಿನ ಪೆಟ್ಟಿಗೆ ಅಪರೂಪಕ್ಕೆ ಕೊಟ್ಟ ಒಂದು ಗೊಂಬೆಯನ್ನು ನಂಬಿ ರೈತರು ಕಾವಲು ಬಿಟ್ಟು ಮಲಗಿದರು. ಬೆಳಗಿನ ಜಾವ ಆನೆ ಬಂದು ಜೋಳ ಮುಗಿಸಿ, ಬಾಳೆಹಣ್ಣಿನ ವಾಸನೆ ಹಿಡಿದು ಶಾಖೆಯ ಷಟರನ್ನೂ ಎತ್ತಿತು. ಬೆಳಗಾದ ಮೇಲೆ ನೋಡಿದರೆ ಪೆಟ್ಟಿಗೆ ರಸ್ತೆಯ ಮಧ್ಯೆ ಮಲಗಿತ್ತು, ಅದರ ಪಕ್ಕದಲ್ಲಿ ಒಂದು ನೀಲಿ ಆನೆಮರಿ ಮಾತ್ರ ನೆಟ್ಟಗೆ ನಿಂತಿತ್ತು. ನಿಜವಾದ ಆನೆಯೇ ಬಂದು ಉತ್ತರ ಕೊಟ್ಟಮೇಲೆ ಜನ ಇನ್ನು ಯಾರನ್ನು ಕೇಳುತ್ತಾರೆ.

ಒಂದೊಂದೇ ಬಾಗಿಲು ಮುಚ್ಚಿತು. ಚಾಮರಾಜನಗರದ ಶಾಖೆ ಬೇಕರಿಯಾಯಿತು. ಭೀಮನಬೀಡಿನಲ್ಲಿ ರೇಷ್ಮೆ ಹುಳುಗಳು ತಮ್ಮ ಮನೆಗೆ ವಾಪಸಾದವು. ಜನ ಗೊಂಬೆಗಳನ್ನು ತಂದು ಗೋದಾಮಿನ ಬಾಗಿಲಿಗೆ ಎಸೆದುಹೋದರು. ಶಿವಮಲ್ಲು ಮತ್ತೆ ಒಲೆ ಹಚ್ಚಿದ. ಎಲ್ಲರಿಗಿಂತ ಮೊದಲು ಪೆಟ್ಟಿಗೆಯ ಮುಂದೆ ಕಣ್ಣು ಮುಚ್ಚಿದ್ದ ದೊಡ್ಡಮಲ್ಲಮ್ಮ ಈಗ ಎಲೆಅಡಿಕೆ ಜಗಿಯುತ್ತಾ ತೀರ್ಪು ಕೊಟ್ಟಳು: “ಎಲ್ಲದಕ್ಕೂ ಹೂಂ ಅನ್ನದು ದೇವರಾ? ದೇವರು ಅಂದ್ರ ಒಂದೆರಡಕ್ಕಾರೂ ಇಲ್ಲ ಅನ್ನಬೇಕು ಕಣ್ಲಾ. ಅದು ಡಬ್ಬ.”

ಮರಿಮಲ್ಲಪ್ಪನಿಗೆ ಶಾಖೆಗಳು ಹೋದದ್ದು ಅಷ್ಟು ನೋಯಲಿಲ್ಲ. ಅವನನ್ನು ತಿನ್ನುತ್ತಿದ್ದದ್ದು ಬೇರೆ. ಚಾಮರಾಜನಗರದಿಂದ ಮಗಳು ಫೋನು ಮಾಡಿ ಗಂಡ ಸಾರಿಗೆ ಹುಳಿ ಜಾಸ್ತಿ ಅಂದ ಎಂದರೆ ಸಾಕು, ಇವನ ಎದೆ ಧಸಕ್ಕೆನ್ನುತ್ತಿತ್ತು. ದೇವರು ಬೇಡವೆಂದ ಮದುವೆಯನ್ನು ತಿರುಪು ತಿರುಗಿಸಿ ಮಾಡಿಸಿದೆ, ನಾಳೆ ಅವಳಿಗೆ ಏನಾದರೂ ಆದರೆ ಅದು ನನ್ನ ಕೈಯ ಕೆಲಸ ಎಂಬ ಮಾತನ್ನು ಅವನು ಹೆಂಡತಿಗೂ ಹೇಳಲಾರದೆ ಒಳಗೇ ಇಟ್ಟುಕೊಂಡಿದ್ದ. ಪೆಟ್ಟಿಗೆ ಕಣ್ಣೆದುರಿಗೆ ಇರಬಾರದು ಎನಿಸಿ, ಹಳೆ ಮಷೀನು ಕೊಳ್ಳುವ ಮೈಸೂರಿನ ಮೆಕ್ಯಾನಿಕ್ ಸಾಗರ್‌ಗೆ ಹೇಳಿಕಳಿಸಿದ.

ಸಾಗರ್ ಬಂದು ಕಾರು, ಡೋಲು, ಸತ್ತವರು ಎಲ್ಲವನ್ನೂ ಲಾರಿಗೆ ಏರಿಸಿದ. ಕೊನೆಗೆ ಗೊಂಬೆ ಪೆಟ್ಟಿಗೆಯ ಹಿಂಬದಿ ಬಿಚ್ಚಿ ಟಾರ್ಚು ಬಿಟ್ಟು ನೋಡಿದ.

“ಹಿಡಿತದ ತಿರುಪು ಕೆಟ್ಟಿಲ್ಲ ತಾನೆ?” ಎಂದ ಮರಿಮಲ್ಲಪ್ಪ ಬೇರೆ ಕಡೆ ನೋಡುತ್ತಾ.

“ಯಾವುದಣ್ಣ, ಈ ಕಪ್ಪುದಾ? ಇದು ಸ್ಪೀಕರ್ ಸೌಂಡಿಂದು. ಸ್ಪೀಕರೇ ಇಲ್ಲ, ಯಾರೋ ಯಾವಾಗಲೋ ಕಿತ್ತಿದ್ದಾರೆ. ಇದನ್ನ ಯಾವ ಕಡೆ ತಿರುಗಿಸಿದ್ರೂ ಏನೂ ಆಗಲ್ಲ.”

“ಹಂಗಾರ ಹಿಡಿತ?”

“ಅದು ಒಳಗಡೆ, ಈ ಸೀಲ್ ಹಾಕಿರೋ ಡಬ್ಬೀಲಿ. ಕಂಪನಿಯವರು ಹಾಕಿದ ಸೀಲು ಹಂಗೇ ಇದೆ, ಯಾರೂ ಮುಟ್ಟಿಲ್ಲ.” ಸಾಗರ್ ಇನ್ನೊಮ್ಮೆ ಬಗ್ಗಿ ನೋಡಿದ. “ತುಂಬಾ ಸಡಿಲ ಇಟ್ಟಿದ್ದಾರಣ್ಣ. ಇದು ಗೊಂಬೆ ಎತ್ತೋದೇ ಕಷ್ಟ.”

ಮರಿಮಲ್ಲಪ್ಪನಿಗೆ ಕೂರಲು ಕಾರಿನ ಸೀಟೂ ಉಳಿದಿರಲಿಲ್ಲ, ಅರಿಶಿನದ ಮೂಟೆಯ ಮೇಲೆ ಕೂತ. ಅವನು ತಿರುಗಿಸಿದ್ದು ಏನನ್ನೂ ಅಲ್ಲ. ಹಾಗಾದರೆ ಆ ಸೋಮವಾರ ಕರಡಿಯನ್ನು ಎತ್ತಿದ್ದು ಯಾರು? ಪೆಟ್ಟಿಗೆ ಬರಿದಾಗುವಂತೆ ಊರಿಗೆಲ್ಲ ಕೊಟ್ಟದ್ದು ಯಾರು? ಇಡೀ ಜಿಲ್ಲೆ ನಂಬಿದಾಗ ತಾನೊಬ್ಬ ನಂಬಿರಲಿಲ್ಲ. ಈಗ ಜಿಲ್ಲೆಯೇ ನಂಬಿಕೆ ಬಿಟ್ಟು ಮನೆಗೆ ಹೋಗಿದೆ, ಖಾಲಿ ಗೋದಾಮಿನಲ್ಲಿ ತನ್ನ ರೋಮವೆಲ್ಲ ಎದ್ದು ನಿಂತಿದೆ.

ಜೇಬಿನಿಂದ ಫೋನು ತೆಗೆದ. “ಏನಿಲ್ಲ ಕಣಮ್ಮಿ, ಸುಮ್ನ ಮಾಡ್ದೆ. ಊಟ ಆಯ್ತಾ? ಅಳಿಯಂದ್ರು ಚೆನ್ನಾಗವ್ರಾ?” ಆಚೆಯಿಂದ ಮಗಳ ನಗು ಕೇಳಿಸಿತು, ಸಾರಿಗೆ ಹುಳಿ ಈಗ ಸರಿಯಾಗಿದೆಯಂತೆ. ಮರಿಮಲ್ಲಪ್ಪ ಫೋನು ಇಟ್ಟು ಅತ್ತ. ಎದೆಯ ಮೇಲಿದ್ದ ಮೂಟೆ ಯಾರೋ ಇಳಿಸಿದ ಹಾಗಾಗಿತ್ತು.

“ಏರಿಸಲಾ ಅಣ್ಣ ಇದನ್ನ?” ಎಂದ ಸಾಗರ್.

“ತಡಿಯಪ್ಪ, ಕೇಳ್ಬುಡ್ತೀನಿ.”

ಹಿಂಬಾಗಿಲ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು ಬಂದ. ಕಾಸು ಹಾಕಿ ಕಣ್ಣು ಮುಚ್ಚಿದ. ‘ನಿನ್ನ ಮಾರ್ಬುಡ್ಲಾ?’ ಎಂದು ಮನಸ್ಸಿನಲ್ಲೇ ಕೇಳಿದ. ಉಕ್ಕಿನ ಕೈ ಇಳಿಯಿತು, ತಳದಲ್ಲಿ ಉಳಿದಿದ್ದ ಒಂದೇ ಗೊಂಬೆಯನ್ನು ಹಿಡಿಯಿತು, ಮೇಲಕ್ಕೆತ್ತಿತು, ಬಲಗಡೆಗೆ ತಿರುಗಿತು. ಅಷ್ಟರಲ್ಲಿ ಕರೆಂಟು ಹೋಯಿತು. ಗೊಂಬೆ ನಡುವೆಯೇ ನೇತಾಡುತ್ತಾ ನಿಂತಿತು.

“ಕರೆಂಟ್ ಬರಲಿ, ಬೀಳುತ್ತೆ” ಎಂದ ಸಾಗರ್.

ಮರಿಮಲ್ಲಪ್ಪ ಬಗ್ಗಿ ಪ್ಲಗ್ಗನ್ನು ಗೋಡೆಯಿಂದ ಕಿತ್ತ. “ಬ್ಯಾಡ. ಯೋಚನೆ ಮಾಡ್ತಾ ಅವನ. ಅವಸರ ಮಾಡಬಾರದು.”

ಲಾರಿ ಅದೊಂದನ್ನು ಬಿಟ್ಟು ಹೊರಟಿತು. ಆ ಗೊಂಬೆ ಇವತ್ತಿಗೂ ಅಲ್ಲೇ ನೇತಾಡುತ್ತಿದೆ. ದಿನಾ ಬೆಳಿಗ್ಗೆ ಮಂಡಿ ತೆಗೆದ ಮೇಲೆ ಊದುಬತ್ತಿ ಹಚ್ಚಲು ಹೋಗುವ ಮಗನನ್ನು ನೋಡಿ ದೊಡ್ಡಮಲ್ಲಮ್ಮ, “ಆ ಡಬ್ಬಕ್ಕ ಯಾಕ್ಲಾ ಕೈ ಮುಗಿದೈ, ಮಂಕೆ” ಎಂದು ಬಯ್ಯುತ್ತಾಳೆ. ಮರಿಮಲ್ಲಪ್ಪ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತಾನೆ. ಯಾಕೆ ಬಿಡುತ್ತಾನೆ ಅಂತ ಈಗ ಅವನಿಗೆ ಗೊತ್ತು.